ನನ್ನ ಪಾಲಿನ ಸಿಟ್ಟು

ಫೆಬ್ರವರಿ 9, ಭಾನುವಾರ

ಬಾಯಿ ತೆರೆದರೆ ಕಿರುಚುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವಾದರೂ ‘ಮೆಲ್ಲ ಮಾತಾಡು ರಮಿತಾ, ಪಕ್ಕದವರಿಗೆ ಕೇಳ್ತದೆ’ ಎನ್ನುವುದಿಲ್ಲ.

ವಿಶಾಲ್ ಇವತ್ತೂ ಏಳಲಿಲ್ಲ. ಇಪ್ಪತ್ತಾರು ವರ್ಷದ ನನ್ನ ತಮ್ಮ, ಐರೋಲಿಯ ಆಫೀಸಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದವನು, ಡಿಸೆಂಬರಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಸ್ನಾನವಿಲ್ಲ. ಫೋನ್ ಚಾರ್ಜ್ ಮಾಡುವುದನ್ನೂ ಬಿಟ್ಟಿದ್ದಾನೆ. ಅಮ್ಮ ಹೊತ್ತುಹೊತ್ತಿಗೆ ತಟ್ಟೆ ಇಡುತ್ತಾಳೆ, ಮುಚ್ಚುತ್ತಾಳೆ, ಹಾಗೇ ಎತ್ತಿಕೊಂಡು ಹೋಗುತ್ತಾಳೆ. ಕೇಳಿದವರಿಗೆಲ್ಲ ಟೈಫಾಯ್ಡ್ ಎಂದು ಹೇಳುತ್ತಾಳೆ. ಎರಡು ತಿಂಗಳ ಟೈಫಾಯ್ಡ್! ನೆರೂಳಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅದನ್ನು ನಂಬಿದವರು ಯಾರಾದರೂ ಇದ್ದರೆ ಮೊದಲು ಅವರ ತಲೆಯನ್ನು ಪರೀಕ್ಷಿಸಬೇಕು.

ಡಾಕ್ಟರ ಹತ್ತಿರ ಹೋಗೋಣ ಎಂದರೆ, “ಅಣ್ಣನತ್ರ ಕೇಳದೆ ಹೇಗೆ?” ಎಂದಳು. ಅಣ್ಣ ಎಂದರೆ ನನ್ನ ಸೋದರಮಾವ ಪೂವಪ್ಪ, ಕೋಪರಖೈರಣೆಯಲ್ಲಿ ಹೋಟೆಲ್ ನಡೆಸುವವರು. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ಆ ಮನೆತನದ ಯಜಮಾನ ಸೋದರಮಾವ. ಅಪ್ಪ ಬದುಕಿದ್ದಾಗಲೂ ನಮ್ಮ ಮನೆಯ ಹೂಂ, ಊಹೂಂ ಎರಡೂ ಮಾವನದೇ ಆಗಿತ್ತು. ಹಾಗಾಗಿ ನಾನೇ ಫೋನ್ ಮಾಡಿ ಒದರಿದೆ. ಮಂಗಳವಾರ ಬರುತ್ತಾರಂತೆ.

“ಅಪ್ಪನ ಸಿಟ್ಟೇ ಬಂದಿದೆ ನಿನಗೆ” ಎಂದಳು ಅಮ್ಮ. ಬರಲಿ. ಈ ಮನೆಯಲ್ಲಿ ಯಾರಿಗಾದರೂ ಏನಾದರೂ ಬರಬೇಕಲ್ಲ.

ಫೆಬ್ರವರಿ 11, ಮಂಗಳವಾರ

ವಾಶಿಯ ಕ್ಲಿನಿಕ್. ಡಾಕ್ಟರ್ ಪ್ರಿಯಂವದಾ ಉಡುಪಿ ಕಡೆಯವರೆಂದು ಮಾವನೇ ಹುಡುಕಿದ್ದು. ಅವರು ಕೇಳಿದ್ದಕ್ಕೆಲ್ಲ ವಿಶಾಲ್ “ಪತಾ ನಹೀ” ಎಂದ, ಏನೂ ಗೊತ್ತಿಲ್ಲವಂತೆ. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು: “ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತಾ? ಹೀಗೆ ಮಂಕಾಗೋದು, ಇಲ್ಲಾ ನಿದ್ದೆಯಿಲ್ಲದೆ ವಿಪರೀತ ಉತ್ಸಾಹದಲ್ಲಿ ಓಡಾಡೋದು?”

ಮಾವ ಎದೆ ಮುಂದೆ ಮಾಡಿದರು. “ನಮ್ಮ ಅಜ್ಜಿ ತೊಂಬತ್ತು ದಾಟಿ ಹೋದದ್ದು ಡಾಕ್ಟ್ರೇ. ನಮ್ಮ ಅಮ್ಮ, ಅಮ್ಮನ ತಂಗಿಯಂದ್ರು, ಅವರ ಮಕ್ಕಳು, ಒಬ್ರಿಗೂ ಒಂದು ತಲೆನೋವು ಸಹ ಇಲ್ಲ. ನಮ್ಮಲ್ಲಿ ಇಂಥದ್ದು ಇಲ್ವೇ ಇಲ್ಲ.”

ಅಮ್ಮ ತಲೆಯಾಡಿಸಿದಳು. ನಾನೂ ಆಡಿಸಿದೆ. ಹೊರಗೆ ರೋಗಿಗಳ ಸಾಲು ಬಾಗಿಲವರೆಗೆ ಬಂದಿತ್ತು. ಡಾಕ್ಟರು ಬರೆದುಕೊಂಡು ಖಿನ್ನತೆಯ ಮಾತ್ರೆ ಕೊಟ್ಟರು. “ನಿದ್ದೆ ಕಡಿಮೆಯಾಗಿ ಮಾತು ಜಾಸ್ತಿಯಾದ್ರೆ ತಕ್ಷಣ ನನಗೆ ತಿಳಿಸಿ” ಎಂದರು.

ರಿಕ್ಷಾದಲ್ಲಿ ಮಾವ ನಕ್ಕಿದ್ದೇ ನಕ್ಕಿದ್ದು. “ಹುಡುಗ ಎದ್ದು ಮಾತಾಡಿದ್ರೆ ಯಾರಾದ್ರೂ ಡಾಕ್ಟ್ರತ್ರ ಓಡ್ತಾರಾ? ಪಾಯಸ ಮಾಡ್ತಾರೆ!”

ಫೆಬ್ರವರಿ 13, ಗುರುವಾರ

ಮಾಡಬಾರದ್ದನ್ನು ಮಾಡಿದೆ. ಮಾಡಿದ್ದು ಸರಿಯೇ.

ರಬಾಳೆಯಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಒಂದು ಸಂಶೋಧನೆಯ ರಕ್ತದ ಮಾದರಿಗಳು ಬರುತ್ತವೆ. ಮಿದುಳಿನ ಕೋಶಗಳು ಬದುಕಿ ಉಳಿಯಲು, ಹೊಸ ಕೊಂಡಿ ಬೆಳೆಸಿಕೊಳ್ಳಲು ಬೇಕಾದ ಒಂದು ಪ್ರೋಟೀನ್ ಇದೆ, ಬಿಡಿಎನ್‌ಎಫ್ ಎಂದು. ಮಾನಸಿಕ ರೋಗಿಗಳ ರಕ್ತದಲ್ಲಿ ಅದು ಎಷ್ಟಿದೆ ಎಂದು ನೋಡುವುದೇ ನನ್ನ ಕೆಲಸ. ತಟ್ಟೆಯ ಪುಟ್ಟ ಗುಳಿಗಳಲ್ಲಿ ಹಳದಿ ಬಣ್ಣ ಏಳುತ್ತದೆ. ಗಾಢವಾದಷ್ಟೂ ಪ್ರೋಟೀನ್ ಹೆಚ್ಚು. ಇವತ್ತು ಎರಡು ಗುಳಿಗಳಲ್ಲಿ ನಾನು ಮನೆಯಲ್ಲಿ ತೆಗೆದ ವಿಶಾಲ್‌ನ ರಕ್ತವಿತ್ತು.

ಬಣ್ಣ ಏಳಲೇ ಇಲ್ಲ ಎನ್ನಬಹುದು, ಅಷ್ಟು ತೆಳು. ಖುಷಿಯಾಯಿತು. ಕೊನೆಗೂ ಇದು ಸೋಮಾರಿತನವಲ್ಲ, ಗ್ರಹಚಾರವಲ್ಲ, ಅಳತೆಗೆ ಸಿಗುವ ಕಾಯಿಲೆ. ಮಾತ್ರೆಯಿಂದ ಪ್ರೋಟೀನ್ ಏರುತ್ತದೆ, ಅವನು ಏಳುತ್ತಾನೆ. ಮಾವನಿಗೆ ಹೇಳಿದರೆ, “ಗೊಬ್ಬರ ಇದ್ದ ಹಾಗೆ ಅಲ್ವಾ? ಹಾಗಾದ್ರೆ ಬಾದಾಮಿ ಕೊಡು” ಎಂದರು.

ಫೆಬ್ರವರಿ 25, ಮಂಗಳವಾರ

ಡಾಕ್ಟರಿಗೆ ಅಂಕಿ ತೋರಿಸಿದೆ. ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ರಮಿತಾ, ಇದು ಖಿನ್ನತೆಯಲ್ಲೂ ಇಳಿಯುತ್ತೆ, ಉನ್ಮಾದದಲ್ಲೂ ಇಳಿಯುತ್ತೆ. ಸ್ಕಿಜೋಫ್ರೇನಿಯಾ, ಅಲ್ಝೈಮರ್ ಇದ್ದವರಲ್ಲೂ ಇಳಿದದ್ದು ಕಂಡಿದ್ದಾರೆ. ನಿದ್ದೆಗೆಟ್ಟರೂ ವ್ಯತ್ಯಾಸ ಬರಬಹುದು. ನೂರಾರು ಜನರ ಸರಾಸರಿ ನೋಡೋಕೆ ಸರಿ. ಒಬ್ಬ ಮನುಷ್ಯನಿಗೆ ಏನಾಗಿದೆ ಅಂತ ಅದು ಹೇಳಲ್ಲ. ಅದಕ್ಕೆ ಅವನನ್ನ ಕೇಳ್ಬೇಕು, ಮನೆಯವರನ್ನ ಕೇಳ್ಬೇಕು.”

ಮನೆಯವರನ್ನು! ಟೈಫಾಯ್ಡ್ ಎನ್ನುವ ಅಮ್ಮನನ್ನು, ಬಾದಾಮಿ ಎನ್ನುವ ಮಾವನನ್ನು! ಯಂತ್ರ ಹೇಳಿದ್ದು ಬೇಡವಂತೆ. ಮೆಟ್ಟಿಲಿಳಿಯುವವರೆಗೂ ಬೈದುಕೊಂಡೇ ಬಂದೆ, ಸ್ವಲ್ಪ ಗಟ್ಟಿಯಾಗಿಯೇ.

ಮಾರ್ಚ್ 7, ಶುಕ್ರವಾರ

ಎದ್ದ! ಸ್ನಾನ ಮಾಡಿದ, ಗಡ್ಡ ತೆಗೆದ, ನಾಲ್ಕು ದೋಸೆ ತಿಂದ. ಹರಟೆಯೋ ಹರಟೆ. ಹಾರ್ಬರ್ ಲೈನಿನ ಪ್ರತಿ ಸ್ಟೇಷನ್ನಿನಲ್ಲೂ ಮಾವನ ಹೋಟೆಲಿನ ಒಂದೊಂದು ಶಾಖೆ ತೆರೆಯುತ್ತಾನಂತೆ. ಅಮ್ಮ ನಿಜವಾಗಿಯೂ ಪಾಯಸ ಮಾಡಿದಳು.

ಅವನು ಎದ್ದದ್ದೇ ನನಗೂ ಹೊಸ ಜೀವ ಬಂದಿದೆ. ನಾಲ್ಕು ಗಂಟೆಗೇ ಎಚ್ಚರ, ಸುಸ್ತೆಂಬುದೇ ಇಲ್ಲ. ಇವತ್ತು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ. ಸದ್ದಿಗೆ ಎದ್ದು ಬಂದ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಒಂದು ಕೈ ಹಚ್ಚಲಿಲ್ಲ.

ಮಾರ್ಚ್ 11, ಮಂಗಳವಾರ

ಪರೀಕ್ಷೆಯ ಕಿಟ್ ಕೆಟ್ಟಿದೆ! ಕೆಟ್ಟ ಕಿಟ್ಟಿನಿಂದ ಸಂಶೋಧನೆ ಮಾಡಿಸುತ್ತಿದ್ದಾರೆ!

ವಿಶಾಲ್‌ನ ರಕ್ತವನ್ನು ಮತ್ತೆ ನೋಡಿದೆ. ಇಷ್ಟು ಚುರುಕಾಗಿದ್ದಾನೆ, ಬಣ್ಣ ಗಾಢವಾಗಿ ಏಳಬೇಕಿತ್ತು. ಮೊದಲಿಗಿಂತ ತೆಳು! ಇರಲಿ ಎಂದು ನನ್ನ ರಕ್ತವನ್ನೇ ತೆಗೆದು ಹಾಕಿದೆ, ಆರೋಗ್ಯವಂತರದ್ದು ಹೋಲಿಕೆಗೆ ಬೇಕಲ್ಲ. ನನ್ನದೂ ತೆಳು! ನನಗೇನು ಧಾಡಿ? ಈ ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಇಷ್ಟು ಚೆನ್ನಾಗಿ ಎಂದೂ ಇದ್ದಿಲ್ಲ. ಇದಕ್ಕಿಂತ ಸಾಕ್ಷಿ ಬೇಕೆ?

ಮೇಲ್ವಿಚಾರಕ ಮನೀಶನ ಟೇಬಲ್ಲಿನ ಮೇಲೆ ತಟ್ಟೆಯನ್ನು ಕುಕ್ಕಿದೆ. ಅವನು ತಟ್ಟೆ ನೋಡಲಿಲ್ಲ, ನನ್ನ ಮುಖ ನೋಡಿದ. “ಮೇಡಂ, ಆಪ್ ಠೀಕ್ ಹೈ ನಾ? ದೋ ದಿನ್ ಛುಟ್ಟಿ ಲೇ ಲೋ.” ರಜೆಯಂತೆ! ಕೆಲಸ ಮಾಡುವವರನ್ನು ಕಂಡರೆ ಇವರಿಗೆ ಆಗುವುದಿಲ್ಲ. ಕಿಟ್ ಕಂಪನಿಗೆ ಒಂಬತ್ತು ಪುಟದ ದೂರು ಬರೆದು ಕಳಿಸಿದೆ. ಅದಕ್ಕೊಂದು ಪೂರಕ ಪತ್ರ. ಅದಕ್ಕೊಂದು ತಿದ್ದುಪಡಿ. ಸಂಜೆ ಟ್ರೈನ್ ಬರುವುದು ತಡವಾಯಿತು, ಕಾಯುವವರು ಕಾಯಲಿ ಎಂದು ರಬಾಳೆಯಿಂದ ನೆರೂಳಿನವರೆಗೆ, ಹತ್ತು ಕಿಲೋಮೀಟರಿಗೂ ಹೆಚ್ಚು, ನಡೆದೇ ಬಂದೆ. ಕಾಲು ನೋಯಲಿಲ್ಲ.

ಮಾರ್ಚ್ 16, ಭಾನುವಾರ

ಎಲ್ಲ ಬರೆಯುತ್ತೇನೆ.

ಮಧ್ಯಾಹ್ನ ಹೋಟೆಲ್ ತುಂಬಿತ್ತು. ವಿಶಾಲ್ ಗಲ್ಲಾಪೆಟ್ಟಿಗೆಯ ಮೇಲೆ ಹತ್ತಿ ನಿಂತು “ಆಜ್ ಪೂರಾ ಹೋಟೆಲ್ ಫ್ರೀ!” ಎಂದು ಕೂಗಿದನಂತೆ. ಬೀದಿಗೆ ಹೋಗಿ ರಿಕ್ಷಾದವರನ್ನು, ಮಾರ್ಕೆಟ್ಟಿನ ಹಮಾಲರನ್ನು ಕೈಹಿಡಿದು ಎಳೆತಂದನಂತೆ. ಮಾಣಿಯ ಫೋನ್ ಬಂದು ನಾನು ಮುಟ್ಟುವಷ್ಟರಲ್ಲಿ ಊಟಕ್ಕೆ ಕೂತವರ ಬೆನ್ನ ಹಿಂದೆ ಇನ್ನೊಂದು ಸಾಲು ನಿಂತಿತ್ತು. ಮಾವ ಅವನ ರಟ್ಟೆ ಹಿಡಿದರು. ಅವನು ತಳ್ಳಿದ. ಮಾವ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದರು, ಮಣಿಕಟ್ಟು ಮುರಿಯಿತು. ನಾನು ಕೇಳುವಂತೆ ಮುರಿಯಿತು.

ವಿಶಾಲ್ ನಗುತ್ತಲೇ ಇದ್ದ. ನಾಲ್ಕು ದಿನದಿಂದ ಮಲಗಿಲ್ಲ ಎಂದು ಅವನೇ ಹೆಮ್ಮೆಯಿಂದ ಹೇಳಿದ. ಪೊಲೀಸ್ ಬಂದ. ಕ್ರಿಮಿನಲ್ ಅಲ್ಲ, ರೋಗಿ ಎಂದು ನಾನು ಕಿರುಚಿದ್ದಕ್ಕೆ ಪೊಲೀಸನೇ ಹಿಂದೆ ಸರಿದ. ಡಾಕ್ಟರ್ ಪ್ರಿಯಂವದಾ ತಾವು ಹೋಗುವ ಆಸ್ಪತ್ರೆಯಲ್ಲಿ ಸೇರಿಸಿಕೊಂಡಿದ್ದಾರೆ. ಖಿನ್ನತೆಯ ಮಾತ್ರೆ ನಿಲ್ಲಿಸಿದ್ದಾರೆ. “ಫೋನ್ ಮಾಡಿ ಅಂದಿದ್ದೆನಲ್ಲ?” ಎಂದರು.

ಮಾರ್ಚ್ 18, ಮಂಗಳವಾರ

ಡಾಕ್ಟರು ಮತ್ತೆ ಕೇಳಿದರು, ರಕ್ತಸಂಬಂಧದಲ್ಲಿ ಯಾರಿಗಾದರೂ ಇತ್ತಾ, ಸರಿಯಾಗಿ ಯೋಚಿಸಿ ಹೇಳಿ, ಮದ್ದು ಆರಿಸಲಿಕ್ಕೆ ಬೇಕು ಎಂದು. ಪ್ಲಾಸ್ಟರ್ ಕೈಯನ್ನು ಎದೆಗೆ ಕಟ್ಟಿಕೊಂಡ ಮಾವ ಮತ್ತೆ ಅಜ್ಜಿಯಿಂದ ಶುರುಮಾಡಿದರು. ಅಜ್ಜಿ, ಅಜ್ಜಿಯ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಯಾರಿಗೂ ಇಲ್ಲ.

ಮನೆಗೆ ಬಂದು ಅಮ್ಮ ಅಕ್ಕಿ ಆರಿಸುತ್ತ ಕೂತಳು. ಒಂದೇ ಮುಷ್ಟಿ ಅಕ್ಕಿಯನ್ನು ಮತ್ತೆಮತ್ತೆ ಆರಿಸುತ್ತಿದ್ದಳು. ಆಮೇಲೆ ತಲೆಯೆತ್ತದೆ ಹೇಳಿದಳು: “ಡೊಂಬಿವಲಿಯವರಿಗೆ ಇತ್ತು. ನಿನ್ನ ಅಪ್ಪನ ಅಣ್ಣನಿಗೆ. ಎರಡು ಸರ್ತಿ ಆಸ್ಪತ್ರೆಗೆ ಹಾಕಿದ್ರು.”

“ಇಷ್ಟು ದಿವಸ ಯಾಕೆ ಹೇಳ್ಲಿಲ್ಲ?”

“ಅವರು ನಮ್ಮ ಬಳಿಯವರಲ್ಲ ಅಲ್ವಾ ಮಗಾ. ಅಣ್ಣ ನಮ್ಮವರದ್ದೆಲ್ಲ ಹೇಳಿದ್ರಲ್ಲ.”

ಅಕ್ಕಿಯ ಮೊರವನ್ನು ಒದ್ದೆ. ಅಡುಗೆಮನೆ ತುಂಬ ಅಕ್ಕಿ. ಇವರ ಲೆಕ್ಕದಲ್ಲಿ ಅಪ್ಪ ನಮಗೇನೂ ಆಗಬೇಕಾಗಿಲ್ಲ! ಮೂಗು ಅಪ್ಪನದು, ಸಿಟ್ಟು ಅಪ್ಪನದು ಎಂದು ಇಡೀ ಜೀವಮಾನ ಹೇಳಿದವಳು, ಡಾಕ್ಟರು ಕೇಳಿದಾಗ ಅಪ್ಪನನ್ನೇ ಮರೆತಳು. ಮಾವನಂತೂ ಮರೆಯಲೂ ಇಲ್ಲ, ಅವರಿಗೆ ಅಪ್ಪನ ಕಡೆ ಎಂಬುದೊಂದು ಇದೆಯೆಂದೇ ಹೊಳೆಯಲಿಲ್ಲ.

ಮಾರ್ಚ್ 20, ಗುರುವಾರ

ನೆರೂಳಿನಿಂದ ಠಾಣೆ, ಠಾಣೆಯಲ್ಲಿ ಇಳಿದು ಡೊಂಬಿವಲಿಯ ಗಾಡಿ. ಈ ಊರಿನಲ್ಲಿ ಎಲ್ಲರೂ ನಿಧಾನ, ಎಲ್ಲರೂ! ಮೆಟ್ಟಿಲ ಮೇಲೆ ನಿಂತು ಫೋನ್ ನೋಡುವವರು, ಬಾಗಿಲಲ್ಲಿ ಬೇರು ಬಿಟ್ಟವರು, ಟಿಕೆಟ್ ಕಿಟಕಿಯಲ್ಲಿ ಸೊಸೆಯ ಸುದ್ದಿ ಮಾತಾಡುವವರು. ಮೂವರ ಜೊತೆ ಜಗಳವಾಡಿದೆ, ಮೂರರಲ್ಲೂ ನನ್ನದೇ ಸರಿ. ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಆದರೂ ತಲೆ ಕನ್ನಡಿಯಂತೆ ಸ್ವಚ್ಛ. ನನಗೆ ಎಲ್ಲವೂ ಕಾಣುತ್ತಿದೆ, ಯಾರು ಎಲ್ಲಿ ತಪ್ಪಿದರು, ಯಾರಿಗೆ ಏನು ಹೇಳಬೇಕು, ಎಲ್ಲ.

ಡೊಂಬಿವಲಿಯವರ ಹೆಸರು ವಸಂತಕುಮಾರ. ಅಂಬರನಾಥದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಅಪ್ಪನ ಬೊಜ್ಜದ ದಿನ, ಉತ್ತರಕ್ರಿಯೆ ನಡೆಯುವಾಗ, ಸಭಾಂಗಣದಲ್ಲಿ ಗಲಾಟೆ ಮಾಡಿದರೆಂದು ಮಾವ ಅವರನ್ನು ಹೊರಗೆ ಹಾಕಿಸಿದ್ದರು. ಅಲ್ಲಿಂದ ಹೋಗಿಬರುವುದು ನಿಂತಿತ್ತು. ಬಾಗಿಲು ತೆರೆದ ಅವರ ಹೆಂಡತಿ ನಾಗವೇಣಿ ಒಳಗೆ ಬಾ ಎನ್ನಲಿಲ್ಲ.

“ಈಗ ನೆನಪಾಯ್ತಾ? ತಮ್ಮನ ಬೊಜ್ಜಕ್ಕೆ ಬಂದವರನ್ನ ನಾಯಿ ಅಟ್ಟಿದ ಹಾಗೆ ಅಟ್ಟಿದ್ರಲ್ಲ, ಈಗೆಂತಕ್ಕೆ ಬಂದದ್ದು?”

ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಹೋಟೆಲು, ಮಣಿಕಟ್ಟು, ಮಾತ್ರೆ, ಪ್ರೋಟೀನ್, ಕೆಟ್ಟ ಕಿಟ್, ಕಂಪನಿಯ ಮೋಸ, ಮನೀಶ, ಅಕ್ಕಿ, ಬಳಿ. ಒಂದು ಗಂಟೆ ಮಾತಾಡಿದ್ದೇನಂತೆ. ಒಳಗಿನಿಂದ ಬಂದ ದೊಡ್ಡಪ್ಪ ನಡುನಡುವೆ ನೀರು ಕುಡಿಯುತ್ತ ಕೇಳಿದರು. ಲೋಟ ಹಿಡಿದ ಬೆರಳುಗಳು ಸಣ್ಣಗೆ ಅದುರುತ್ತಿದ್ದವು. ಲಿಥಿಯಂ ಮಾತ್ರೆಯಿಂದ ಹಾಗಂತೆ, ಬೊಜ್ಜದ ಆ ಗಲಾಟೆಯ ನಂತರ ಮಾತ್ರೆ ಶುರುವಾದದ್ದು. ಅಂದಿನಿಂದ ಮತ್ತೆ ಆಸ್ಪತ್ರೆ ಸೇರಿಲ್ಲ.

ನಾನು ಮುಗಿಸಿದ ಮೇಲೆ ಅವರು ಕೇಳಿದ್ದು ವಿಶಾಲ್ ಬಗ್ಗೆ ಅಲ್ಲ. “ನೀನು ಊಟ ಮಾಡಿದ್ಯಾ ಮಗಾ? ಮಲಗಿದ್ಯಾ?”

ತಮ್ಮ ಆಸ್ಪತ್ರೆಯಲ್ಲಿದ್ದಾಗ ಊಟದ ಮಾತು! ಬರುತ್ತೀರೋ ಇಲ್ಲವೋ ಎಂದು ಗದರಿದೆ. ನಾಗವೇಣಿ “ಹೋಗ್ಬೇಡಿ” ಎಂದರು. ಅವರು ಹೆಂಡತಿಯನ್ನು ನೋಡಿ, ನನ್ನನ್ನು ನೋಡಿ, ಶನಿವಾರ ಬರುತ್ತೇನೆ ಎಂದರು.

ಮಾರ್ಚ್ 22, ಶನಿವಾರ

ದ್ರೋಹ! ನಾನೇ ಕರೆತಂದವರು ನನಗೇ ಚೂರಿ ಹಾಕಿದರು!

ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಡಾಕ್ಟರ ಕೋಣೆಯಲ್ಲಿ ಮಾವ, ಅಮ್ಮ, ನಾನು. ದೊಡ್ಡಪ್ಪ ಬಂದದ್ದೇ ಮಾವ ಕುರ್ಚಿಯಿಂದ ಎದ್ದರು. “ಇವರು ಹೊರಗಿನವರು ಡಾಕ್ಟ್ರೇ, ಇವರಿಗೂ ನಮಗೂ ಸಂಬಂಧ ಇಲ್ಲ.” ದೊಡ್ಡಪ್ಪ ಅವರ ಕಡೆ ನೋಡಲೇ ಇಲ್ಲ. ಒಮ್ಮೆ ಮಂಕು, ಒಮ್ಮೆ ಉನ್ಮಾದ ತರುವ ತಮ್ಮ ಕಾಯಿಲೆಯ ಹೆಸರು ಹೇಳಿದರು, ಮದ್ದಿನ ಹೆಸರು ಹೇಳಿದರು. “ನಮ್ಮ ಯೋಗೀಶನಿಗೂ ಇತ್ತು. ಅವನು ಮದ್ದು ತಕ್ಕೊಳ್ಳಲಿಲ್ಲ. ಎಲ್ಲರೂ ಮುಂಗೋಪಿ ಅಂದ್ರು, ಅಷ್ಟೇ.” ಯೋಗೀಶ ನನ್ನ ಅಪ್ಪ.

ಡಾಕ್ಟರು ಪೆನ್ ಕೆಳಗಿಟ್ಟರು. “ಎರಡು ಸಲ ಕೇಳಿದೆ ನಿಮ್ಮನ್ನ. ಇದು ಗೊತ್ತಿದ್ದರೆ ಬರೀ ಆ ಮಾತ್ರೆಯನ್ನ ನಾನು ಕೊಡ್ತಲೇ ಇರಲಿಲ್ಲ, ಈ ಕಾಯಿಲೆಯಲ್ಲಿ ಅದು ಉನ್ಮಾದ ಕೆರಳಿಸಬಹುದು.” ಮಾವ ಬೆಪ್ಪಾದರು. “ನೀವು ನಮ್ಮವರದ್ದು ಕೇಳಿದ್ದಲ್ವಾ?” ಸುಳ್ಳು ಹೇಳಿದ್ದರೆ ಕ್ಷಮಿಸಬಹುದಿತ್ತು. ಆ ಮನುಷ್ಯ ಪ್ರಾಮಾಣಿಕವಾಗಿ ಹೇಳಿದ್ದಾರೆ, ಅದೇ ನನ್ನ ಹೊಟ್ಟೆ ಉರಿಸುತ್ತದೆ! ದೊಡ್ಡಪ್ಪನಿಗೆ ಒಪ್ಪಿದ ಮದ್ದು ವಿಶಾಲ್‌ಗೂ ಒಪ್ಪುವ ಸಾಧ್ಯತೆ ಹೆಚ್ಚು, ರಕ್ತಪರೀಕ್ಷೆ ಮಾಡಿ ಲಿಥಿಯಂ ಶುರುಮಾಡುತ್ತೇನೆ ಎಂದರು ಡಾಕ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಗೆದ್ದಿದ್ದೆ ನಾನು!

ದೊಡ್ಡಪ್ಪ ಏಳಲಿಲ್ಲ. “ಡಾಕ್ಟ್ರೇ, ಈ ಕಾಯಿಲೆಯಲ್ಲಿ ಹಾಡ್ತಾರೆ, ಕುಣೀತಾರೆ ಅಂತಾರೆ. ನನಗೆ ಖುಷಿ ಬರ್ಲೇ ಇಲ್ಲ. ನನಗೆ ಬಂದದ್ದು ಸಿಟ್ಟು. ಊರಲ್ಲಿದ್ದವರೆಲ್ಲ ತಪ್ಪು, ನಾನೊಬ್ಬ ಸರಿ. ಈ ಹುಡುಗಿಯನ್ನೂ ಒಮ್ಮೆ ನೋಡಿ.”

ನನ್ನನ್ನು! ಎಲ್ಲರೂ ನನ್ನ ಕಡೆ ತಿರುಗಿದರು. ಡಾಕ್ಟರು ಎಷ್ಟು ದಿನದಿಂದ ನಿದ್ದೆಯಿಲ್ಲ ಎಂದು ಮೆತ್ತಗೆ ಕೇಳಿದರು, ಆ ಮೆತ್ತಗಿನ ದನಿ, ವಿಶಾಲ್ ಹತ್ತಿರ ಮಾತಾಡುವ ದನಿ! ಈ ಮನೆಗಾಗಿ ಓಡಿದವಳು ನಾನು, ನಿಜ ಹೊರಗೆ ತೆಗೆದವಳು ನಾನು, ಈಗ ಹುಚ್ಚಿಯೂ ನಾನೇ? ಸಿಟ್ಟು ಬರಲು ಕಾರಣವಿಲ್ಲವೇ? ಯಾವ ಹೆಣ್ಣು ಗಂಟಲು ಎತ್ತಿದರೂ ಕಾಯಿಲೆಯೇ? ಕುರ್ಚಿ ಕೆಡವಿ ಎದ್ದುಬಂದೆ. ಪೆನ್ನು ಕಾಗದ ಹರಿಯುತ್ತಿದೆ, ಹರಿಯಲಿ.

ಮಾರ್ಚ್ 25, ಮಂಗಳವಾರ

ಭಾನುವಾರ ವಾರ್ಡಿಗೆ ಹೋಗಿದ್ದೆ. ವಿಶಾಲ್ ತೂಕಡಿಸುತ್ತಿದ್ದ, ಆದರೆ ಮಾತು ನೆಟ್ಟಗಿತ್ತು. ದೊಡ್ಡಪ್ಪ ಹೇಳಿದ್ದನ್ನು ಅವನಿಗೆ ಹೇಳಿ, ನನಗೇನೂ ಆಗಿಲ್ಲ, ಇವರೆಲ್ಲ ನಿಧಾನ, ನನ್ನ ವೇಗ ಇವರಿಗೆ ತಡೆಯುವುದಿಲ್ಲ ಎಂದೆ.

ಅವನು ನಕ್ಕ. “ದೀದಿ, ಯೇ ತೋ ಮೇರಾ ಡೈಲಾಗ್ ಹೈ.”

ತನ್ನ ಡೈಲಾಗನ್ನೇ ನಾನು ಹೇಳುತ್ತಿದ್ದೇನಂತೆ. ಆಮೇಲೆ, ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದ, ತಡವರಿಸುತ್ತ. “ಮಾವನನ್ನ ತಳ್ಳುವಾಗ ಸಹ ನಾನೇ ಸರಿ ಅಂತ ಇತ್ತು ಅಕ್ಕ. ಮತ್ತೆ ಮಾವ ಸಚ್‌ಮುಚ್ ತಪ್ಪೇ. ನಿನ್ನೆಯ ಸಾಂಬಾರ್ ಬಿಸಿ ಮಾಡಿ ಕೊಡ್ತಾರೆ. ಆದ್ರೂ ಕೈ ಮುರಿದದ್ದು ನಾನಲ್ವಾ.”

ಅವನ ಮಂಚದ ಕೊನೆಯಲ್ಲಿ ಕೂತೆ. ಅವನಿಗೆ ಡಿಸೆಂಬರಿನಿಂದ ಏನಾಗುತ್ತಿತ್ತು ಎಂದು ಕೇಳಿದೆ. ಅವನು ಹೇಳಿದ. ಮುಗಿಯುವವರೆಗೆ ಕೇಳಿದೆ. ಆಮೇಲೆ ಡಾಕ್ಟರ ಕೋಣೆಗೆ ಹೋದೆ. ವಿಶಾಲ್‌ನನ್ನು ನೋಡಲು ಬಂದಿದ್ದ ದೊಡ್ಡಪ್ಪ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಮಾತ್ರೆ ನುಂಗಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಏಪ್ರಿಲ್ 13, ಭಾನುವಾರ

ನಿದ್ದೆ ಬರುತ್ತಿದೆ. ಬಾಯಿ ಒಣಗುತ್ತದೆ, ಆಗಾಗ ನೀರು ಕುಡಿಯುತ್ತೇನೆ. ವಿಶಾಲ್ ಮನೆಗೆ ಬಂದಿದ್ದಾನೆ. ನಾನು ಲ್ಯಾಬಿಗೆ ಮುಂದಿನ ತಿಂಗಳು ಬರಬಹುದು ಎಂದಿದ್ದಾರೆ. ಅಲ್ಲಿ ಕದ್ದು ಪರೀಕ್ಷಿಸಿದ ನಮ್ಮಿಬ್ಬರ ರಕ್ತದ ವಿಷಯ ಮನೀಶನಿಗೆ ನಾನೇ ಹೇಳಿದೆ, ಅದರ ವಿಚಾರಣೆ ಇದೆ. ಆಗಲಿ.

ಡಾಕ್ಟರನ್ನು ಒಂದು ಪ್ರಶ್ನೆ ಕೇಳಿದ್ದೆ. ನನ್ನ ಸಿಟ್ಟಿನಲ್ಲಿ ಕಾಯಿಲೆಯದೆಷ್ಟು, ನನ್ನದೆಷ್ಟು? ಅದಕ್ಕೆ ಪರೀಕ್ಷೆಯಿಲ್ಲ, ಕಾದು ನೋಡಿ, ಕಾಯಿಲೆಯದು ಇಳಿಯುತ್ತದೆ ಎಂದರು. ಇಳಿಯಿತು. ಕಿಟ್ ಕಂಪನಿಯ ಮೇಲಿನದು ಇಳಿಯಿತು. ಮನೀಶನ ಮೇಲಿನದು ಇಳಿದು ನಾಚಿಕೆ ಉಳಿಯಿತು. ಅಮ್ಮನ ಮೇಲಿನದೂ ಅರ್ಧ ಇಳಿದಿದೆ.

ಇವತ್ತು ಮಾವ ಬಂದಿದ್ದರು. ಕಾಫಿ ಕುಡಿದು, ದನಿ ತಗ್ಗಿಸಿ ಅಮ್ಮನಿಗೆ ಹೇಳಿದರು: “ನಮ್ಮ ತಂಗಿ ಮಗಳು ಪ್ರಣೀತಾಳನ್ನ ನೋಡ್ಲಿಕ್ಕೆ ಗಂಡಿನ ಕಡೆಯವರು ಬರುವವರಿದ್ದಾರೆ. ಡೊಂಬಿವಲಿಯವರನ್ನ ಇಲ್ಲಿಗೆ ಸೇರಿಸ್ಬೇಡ ನಳಿನಾಕ್ಷಿ. ಈ ಕಾಯಿಲೆ ನಮ್ಮ ಮನೆತನದ್ದು ಅಂತ ಆಗಬಾರದು.”

ನಾನು ಅಡುಗೆಮನೆಯಿಂದ ಹೊರಗೆ ಬಂದೆ. “ದೊಡ್ಡಪ್ಪ, ದೊಡ್ಡಮ್ಮ ಮುಂದಿನ ಭಾನುವಾರ ಊಟಕ್ಕೆ ಬರ್ತಾರೆ ಮಾವ. ಬಂದವರಲ್ಲಿ ಯಾರು ಎಂತ ಕೇಳಿದ್ರೂ ಅಪ್ಪನ ಹೆಸರು ಹೇಳಿಯೇ ಹೇಳ್ತೇವೆ. ನೀವೂ ಬನ್ನಿ. ಬರದಿದ್ರೂ ಆಗ್ತದೆ.”

ದನಿ ಏರಲಿಲ್ಲ. ಮಾವ ಚಪ್ಪಲಿ ಹಾಕಿಕೊಂಡು ಹೋದರು. ಮಧ್ಯಾಹ್ನ ಉಂಡೆ, ಒಂದು ಗಂಟೆ ಮಲಗಿದೆ, ಎದ್ದ ಮೇಲೆ ನೋಡಿಕೊಂಡೆ. ಸಿಟ್ಟು ಹಾಗೇ ಇತ್ತು. ಹಾಗಾದರೆ ಇದು ನನ್ನದೇ. ಇದಕ್ಕೆ ಮದ್ದು ಬೇಡ.